ಎಚ್‌ಐವಿ ಪತ್ತೆಗೆ ಪಿಸಿಆರ್ ಒದಗಿ ಬಂದ ಬಗೆ

ಎಚ್‌ಐವಿ ಪರೀಕ್ಷೆ ಎಂದು ನಾವು ಸಾಮಾನ್ಯವಾಗಿ ಕರೆಯುವುದು ವೈರಾಣುವನ್ನು ಹುಡುಕುವ ಪರೀಕ್ಷೆಯನ್ನಲ್ಲ, ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು ಹುಡುಕುವ ಪರೀಕ್ಷೆಯನ್ನು. ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯ ತಂಡ 1983ರಲ್ಲಿ ಈ ವೈರಾಣುವನ್ನು ಗುರುತಿಸಿದ ಎರಡೇ ವರ್ಷಗಳಲ್ಲಿ, 1985ರ ಮಾರ್ಚ್‌ನಲ್ಲಿ, ಅಮೆರಿಕದಲ್ಲಿ ಪ್ರತಿಕಾಯಗಳನ್ನು ಹುಡುಕುವ ಮೊದಲ ಪರೀಕ್ಷೆಯಾದ ಎಲಿಸಾಗೆ ಅನುಮತಿ ದೊರೆಯಿತು. ದಾನಿಗಳ ರಕ್ತವನ್ನು ಸುರಕ್ಷಿತಗೊಳಿಸುವಲ್ಲಿ ಅದರ ಉಪಕಾರ ದೊಡ್ಡದು. ಆದರೆ ಎರಡು ಸಂದರ್ಭಗಳಲ್ಲಿ ಅದು ಕೈಕೊಡುತ್ತಿತ್ತು. ಸೋಂಕು ತಗುಲಿದ ಮೊದಲ ವಾರಗಳಲ್ಲಿ ಪ್ರತಿಕಾಯಗಳು ಇನ್ನೂ ಮೂಡಿರುವುದಿಲ್ಲ. ಸೋಂಕಿತ ತಾಯಿಗೆ ಹುಟ್ಟಿದ ಮಗುವಿನಲ್ಲಾದರೋ, ಮಗುವಿಗೆ ಸೋಂಕಿರಲಿ ಇಲ್ಲದಿರಲಿ, ತಾಯಿಯಿಂದ ಬಂದ ಪ್ರತಿಕಾಯಗಳು ಹದಿನೆಂಟು ತಿಂಗಳವರೆಗೂ ಉಳಿದಿರಬಹುದು.

ಈ ತೊಡಕಿಗೆ ಉತ್ತರ ಬಂದದ್ದು ಬೇರೊಂದು ದಿಕ್ಕಿನಿಂದ. ಕ್ಯಾಲಿಫೋರ್ನಿಯಾದ ಸೀಟಸ್ ಕಂಪನಿಯಲ್ಲಿದ್ದ ಕ್ಯಾರಿ ಮುಲ್ಲಿಸ್ 1983ರಲ್ಲಿ ರೂಪಿಸಿದ ಪಿಸಿಆರ್ (ಪಾಲಿಮರೇಸ್ ಚೈನ್ ರಿಯಾಕ್ಷನ್) ವಿಧಾನಕ್ಕೂ ಎಚ್‌ಐವಿಗೂ ಆರಂಭದಲ್ಲಿ ಸಂಬಂಧವೇ ಇರಲಿಲ್ಲ. ಡಿಎನ್‌ಎಯನ್ನು ಸುಮಾರು 95 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಅದರ ಎಳೆಗಳನ್ನು ಬಿಡಿಸಿ, ತಣಿಸಿ, ಬೇಕಾದ ಭಾಗವನ್ನಷ್ಟೇ ಕಿಣ್ವದಿಂದ ನಕಲು ಮಾಡಿಸುವುದು ಅದರ ತಿರುಳು. ಪ್ರತಿ ಸುತ್ತಿನಲ್ಲೂ ನಕಲುಗಳು ಇಮ್ಮಡಿಯಾದರೆ ಮೂವತ್ತು ಸುತ್ತುಗಳಲ್ಲಿ ಒಂದು ತುಣುಕು ನೂರು ಕೋಟಿಯನ್ನು ದಾಟುತ್ತದೆ. ಮೊದಮೊದಲು ಪ್ರತಿ ಸುತ್ತಿನ ಶಾಖಕ್ಕೂ ಕಿಣ್ವ ಹಾಳಾಗುತ್ತಿದ್ದುದರಿಂದ ಮತ್ತೆ ಮತ್ತೆ ಹೊಸದನ್ನು ಸೇರಿಸಬೇಕಿತ್ತು. ಬಿಸಿನೀರಿನ ಬುಗ್ಗೆಯ ಬ್ಯಾಕ್ಟೀರಿಯಾದಿಂದ ಪಡೆದ, ಶಾಖಕ್ಕೆ ಜಗ್ಗದ ಕಿಣ್ವ ಬಳಕೆಗೆ ಬಂದ ಮೇಲೆ ಕೆಲಸ ಹಗುರಾಯಿತು. ಎಚ್‌ಐವಿ ತನ್ನ ಆನುವಂಶಿಕ ವಸ್ತುವಾದ ಆರ್‌ಎನ್‌ಎಯನ್ನು ಡಿಎನ್‌ಎ ಆಗಿ ಪರಿವರ್ತಿಸಿ ನಮ್ಮ ಜೀವಕೋಶದ ಡಿಎನ್‌ಎಯೊಳಗೇ ಸೇರಿಸಿಬಿಡುವ ವೈರಾಣು. ಹಾಗೆ ಅಡಗಿದ್ದ ತುಣುಕನ್ನು ಸೋಂಕಿತರ ರಕ್ತಕಣಗಳಲ್ಲಿ ನೇರವಾಗಿ ಪತ್ತೆ ಹಚ್ಚಬಹುದೆಂದು 1988ರ ಹೊತ್ತಿಗೆ ಸಂಶೋಧಕರು ತೋರಿಸಿಕೊಟ್ಟರು.

ಇಷ್ಟು ಸೂಕ್ಷ್ಮವಾದ ಪರೀಕ್ಷೆ ಅಷ್ಟೇ ಸುಲಭವಾಗಿ ತಪ್ಪುದಾರಿಗೂ ಎಳೆಯಬಲ್ಲದು. ಹಿಂದಿನ ಪರೀಕ್ಷೆಯ ನಕಲುಗಳು ಗಾಳಿಯಲ್ಲೋ ಉಪಕರಣದಲ್ಲೋ ಉಳಿದು ಮುಂದಿನ ಮಾದರಿಗೆ ಸೇರಿದರೆ, ಸೋಂಕಿಲ್ಲದವರ ವರದಿಯೂ ಪಾಸಿಟಿವ್ ಆಗುತ್ತದೆ. ಪ್ರಯೋಗಾಲಯಗಳು ಮಾದರಿ ಸಿದ್ಧಪಡಿಸಲು ಒಂದು ಕೋಣೆ, ನಕಲು ಮಾಡಲು ಇನ್ನೊಂದು ಎಂದು ಬೇರ್ಪಡಿಸಿಕೊಂಡದ್ದು ಇದೇ ಕಾರಣಕ್ಕೆ. ಚಿಕಿತ್ಸೆ ಎಷ್ಟು ಫಲಿಸಿದೆ ಎಂದು ಅಳೆಯಲು 1990ರ ದಶಕದಲ್ಲಿ ಬಂದ ವೈರಲ್ ಲೋಡ್ (ರಕ್ತದಲ್ಲಿರುವ ವೈರಾಣುವಿನ ಪ್ರಮಾಣ) ಪರೀಕ್ಷೆಯನ್ನು ಕೆಲವೆಡೆ ರೋಗನಿರ್ಣಯಕ್ಕೇ ಬಳಸಿದಾಗ, ತೀರ ಕಡಿಮೆ ಅಂಕಿಯ ಸುಳ್ಳು ಪಾಸಿಟಿವ್‌ಗಳು ಬಂದದ್ದುಂಟು. ಅಂಥ ಒಂದು ವರದಿ ಒಬ್ಬರ ಬದುಕಿಗೆ ಕೊಡುವ ಪೆಟ್ಟನ್ನು ನೆನೆದರೆ, ಈ ಪರೀಕ್ಷೆ ಒಂಟಿಯಾಗಿ ತೀರ್ಪು ನೀಡಬಾರದೆಂಬ ವೈದ್ಯರ ಪಟ್ಟು ನ್ಯಾಯವಾದದ್ದೇ.

ರೋಗನಿರ್ಣಯಕ್ಕೆಂದೇ, ವೈರಾಣುವಿನ ಆರ್‌ಎನ್‌ಎಯನ್ನೇ ಹುಡುಕುವ ಪರೀಕ್ಷೆಯೊಂದಕ್ಕೆ ಅಮೆರಿಕದಲ್ಲಿ 2006ರಲ್ಲಿ ಅನುಮತಿ ಸಿಕ್ಕಿತು. ಸೋಂಕು ತಗುಲಿದ 10ರಿಂದ 33 ದಿನಗಳೊಳಗೆ ಇಂಥ ಪರೀಕ್ಷೆ ಅದನ್ನು ಸಾಮಾನ್ಯವಾಗಿ ಗುರುತಿಸುತ್ತದೆ. ಪ್ರತಿಕಾಯವನ್ನಷ್ಟೇ ನೋಡುವ ಪರೀಕ್ಷೆಗಳಿಗೆ 23ರಿಂದ 90 ದಿನ ಬೇಕಾಗಬಹುದು. 2014ರಲ್ಲಿ ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಪ್ರಕಟಿಸಿದ ಪರೀಕ್ಷಾಕ್ರಮದಲ್ಲೂ ಇದರ ಸ್ಥಾನ ಕೊನೆಯದು: ಮೊದಲ ಎರಡು ಪರೀಕ್ಷೆಗಳು ಒಂದಕ್ಕೊಂದು ಹೊಂದದಿದ್ದಾಗ ಮಾತ್ರ ಇದರ ಮೊರೆ ಹೋಗಬೇಕು.

ಹಸುಳೆಗಳ ವಿಷಯದಲ್ಲಿ ಮಾತ್ರ ಇದೇ ಮೊದಲ ಪರೀಕ್ಷೆ, ಮತ್ತು ನನ್ನ ಮಟ್ಟಿಗೆ ಈ ತಂತ್ರದ ನಿಜವಾದ ಸಾರ್ಥಕತೆ ಇರುವುದೂ ಅಲ್ಲೇ. ಸೋಂಕಿತ ಮಕ್ಕಳಿಗೆ ಚಿಕಿತ್ಸೆ ಸಿಗದಿದ್ದರೆ ಸುಮಾರು ಅರ್ಧದಷ್ಟು ಮಕ್ಕಳು ಎರಡು ವರ್ಷ ತುಂಬುವುದರೊಳಗೆ ಸಾಯುತ್ತಾರೆ. ಪ್ರತಿಕಾಯ ಕರಗುವವರೆಗೆ ಕಾಯುವಷ್ಟು ವ್ಯವಧಾನ ಅವರಿಗಿಲ್ಲ. ನಾಲ್ಕರಿಂದ ಆರು ವಾರದ ಮಗುವಿನ ಹಿಮ್ಮಡಿಯನ್ನು ಚುಚ್ಚಿ, ಸೋಸುಕಾಗದದ ಕಾರ್ಡಿನ ಮೇಲೆ ಅಚ್ಚಾದ ವೃತ್ತಗಳಲ್ಲಿ ರಕ್ತದ ಹನಿಗಳನ್ನು ತುಂಬಿಸಿ, ಕೈ ತಾಗದಂತೆ ನೆರಳಿನಲ್ಲಿ ಒಣಗಿಸಿದರೆ, ಐಸ್ ಪೆಟ್ಟಿಗೆಯ ಹಂಗಿಲ್ಲದೆ ಅದನ್ನು ದೂರದ ಪ್ರಯೋಗಾಲಯಕ್ಕೆ ಕಳುಹಿಸಬಹುದು. ವರದಿ ಪಾಸಿಟಿವ್ ಬಂದರೆ ಚಿಕಿತ್ಸೆಯನ್ನು ತಡಮಾಡದೆ ಆರಂಭಿಸಿ, ಅದೇ ವೇಳೆ ಎರಡನೆಯ ಮಾದರಿಯನ್ನು ಖಚಿತಪಡಿಸಿಕೊಳ್ಳಲು ಕಳುಹಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನೆಗೆಟಿವ್ ಬಂದರೂ ಎದೆಹಾಲಿನ ಮೂಲಕ ಸೋಂಕು ತಗುಲುವ ಸಾಧ್ಯತೆ ಇದ್ದೇ ಇರುವುದರಿಂದ, ಅಂತಿಮ ತೀರ್ಮಾನವನ್ನು ಹದಿನೆಂಟು ತಿಂಗಳಾದ ಮೇಲೆ, ಅಥವಾ ಹಾಲು ಬಿಡಿಸಿ ಮೂರು ತಿಂಗಳಾದ ಮೇಲೆ, ಯಾವುದು ತಡವೋ ಆಗ, ಪ್ರತಿಕಾಯ ಪರೀಕ್ಷೆಯಿಂದಲೇ ಮಾಡಲಾಗುತ್ತದೆ.