ಕುಂಟೆಬಿಲ್ಲೆ ಪಾಸಾಗದೆ ಗ್ರೌಂಡಿಗಿಲ್ಲ

ನಮ್ಮ ಕ್ಲಿನಿಕ್ಕಿನ ನೆಲದ ಮೇಲೆ ಒಂದು ಟೈಲರ್ ಟೇಪನ್ನು ಉದ್ದಕ್ಕೆ ಅಂಟಿಸಿದ್ದೇನೆ. ಮೊದಲ ಸಲ ಬಂದವರು ಇದೇನು ಅಂತ ಕೇಳುತ್ತಾರೆ. ಕುಂಟೆಬಿಲ್ಲೆ ಅನ್ನುತ್ತೇನೆ, ನಗುತ್ತಾರೆ. ತಮಾಷೆಗೆ ಹೇಳುವುದಲ್ಲ. ಒಂಟಿ ಕಾಲಲ್ಲಿ ನಿಂತು ಆದಷ್ಟು ಮುಂದಕ್ಕೆ ಜಿಗಿಯಬೇಕು. ಅದೇ ಕಾಲ ಮೇಲೆ ಇಳಿದು, ಅಲುಗಾಡದೆ ಎರಡು ಸೆಕೆಂಡು ನಿಲ್ಲಬೇಕು. ಎರಡೂ ಕಾಲಿನ ದೂರ ಬರೆದುಕೊಳ್ಳುತ್ತೇನೆ. ಆಪರೇಷನ್ ಆದ ಕಾಲು ಇನ್ನೊಂದು ಕಾಲಿನ ದೂರದಲ್ಲಿ ಶೇ. 90ರಷ್ಟಾದರೂ ಜಿಗಿಯದಿದ್ದರೆ ಗ್ರೌಂಡಿಗೆ ಬಿಡುವುದಿಲ್ಲ.

2025ರ ಜೂನ್‌ನಲ್ಲಿ ಈ ಟೇಪಿನ ಮುಂದೆ ಪಿಯುಸಿ ಓದುವ ಹುಡುಗಿಯೊಬ್ಬಳು ನಿಂತಿದ್ದಳು. ಕಾಲೇಜು ಫುಟ್‌ಬಾಲ್ ಟೀಮಿನ ಫಾರ್ವರ್ಡ್, ಅಂದರೆ ಮುಂದೆ ನುಗ್ಗಿ ಗೋಲು ಹೊಡೆಯುವವಳು. ಆಟದಲ್ಲಿ ಯಾರೂ ತಾಗಿರಲಿಲ್ಲವಂತೆ. ಜೋರಾಗಿ ಓಡುತ್ತಿದ್ದವಳು ಗಕ್ಕನೆ ನಿಂತು ತಿರುಗಲು ಹೋದಾಗ ಮಂಡಿಯೊಳಗೆ 'ಟಪ್' ಅಂತ ಶಬ್ದ ಬಂತು. ಮೊದಲ ಎರಡು ವಾರ ಎಣ್ಣೆ ನೀವಿಸಿ, ನಾಟಿ ಕಟ್ಟು ಹಾಕಿಸಿದ್ದರು. ಊತ ಇಳಿಯಿತು, ಆದರೆ ಮೆಟ್ಟಿಲು ಇಳಿಯುವಾಗ ಮಂಡಿ ಜಾರಿದ ಹಾಗಾಗುವುದು ಹೋಗಲಿಲ್ಲ. ಎಂಆರ್‌ಐ ಮಾಡಿಸಿದರೆ ಮಂಡಿಯೊಳಗೆ ಮೂಳೆಗಳನ್ನು ಬಿಗಿದಿಡುವ ಎಸಿಎಲ್ ಪೂರ್ತಿ ಹರಿದಿತ್ತು. ಈಗ ಆಪರೇಷನ್ ಆಗಿ ಐದು ತಿಂಗಳು. ಚೆನ್ನಾಗಿರುವ ಕಾಲಲ್ಲಿ 128 ಸೆಂಟಿಮೀಟರ್ ಜಿಗಿದಳು. ಇನ್ನೊಂದರಲ್ಲಿ 96.

"ನೋವೇ ಇಲ್ಲ ಮೇಡಂ, ದಿನಾ ಜಾಗಿಂಗ್ ಮಾಡ್ತಿದೀನಿ. ಮುಂದಿನ ತಿಂಗಳು ಟೂರ್ನಮೆಂಟ್ ಇದೆ."

ಅವಳ ಅಮ್ಮನ ಚಿಂತೆ ಬೇರೆ. "ಈ ಹೊಲಿಗೆ ಗುರುತು ಹೋಗುತ್ತಾ ಮೇಡಂ? ನಾಳೆ ಮದುವೆ ಗಿದುವೆ ಅಂದ್ರೆ..."

ಹುಡುಗಿಯ ಫೋನಿನ ವಾಲ್‌ಪೇಪರ್‌ನಲ್ಲಿ ಸ್ಯಾಮ್ ಕೆರ್ ಇದ್ದರು. ಆಸ್ಟ್ರೇಲಿಯದ ಸ್ಟ್ರೈಕರ್. ಗೋಲು ಹೊಡೆದ ಮೇಲೆ ಹಿಂದಕ್ಕೆ ಪಲ್ಟಿ ಹೊಡೆಯುತ್ತಾರಲ್ಲ, ಆ ಚಿತ್ರ. (ಆ ಪಲ್ಟಿ ನೋಡಿದಾಗಲೆಲ್ಲಾ ನನ್ನ ಎದೆ ಧಸಕ್ ಅನ್ನುತ್ತೆ. ವೃತ್ತಿದೋಷ.) "ಇವರು ಆಡದೆ ಎಷ್ಟು ತಿಂಗಳಾಯ್ತು, ಗೊತ್ತಾ?" ಅಂದೆ. ಗೊತ್ತಿತ್ತು. ಹದಿನೇಳು ತಿಂಗಳು. ಅವರದ್ದೂ ಅದೇ ಎಸಿಎಲ್.

ಮಹಿಳಾ ಫುಟ್‌ಬಾಲಿನಲ್ಲಿ ಫಾರ್ವರ್ಡ್ ಆಗಿ ಬದುಕು ಕಟ್ಟಿಕೊಳ್ಳುವುದು ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಕೆರ್ ಅವರನ್ನೇ ತೋರಿಸುತ್ತೇನೆ. ಹುಟ್ಟಿದ್ದು 1993ರಲ್ಲಿ, ಪಶ್ಚಿಮ ಆಸ್ಟ್ರೇಲಿಯದ ಫ್ರೀಮ್ಯಾಂಟಲ್ ಕಡೆ. ಅಪ್ಪ ಹುಟ್ಟಿದ್ದು ನಮ್ಮ ಕೋಲ್ಕತ್ತದಲ್ಲಿ. ಅಪ್ಪ, ಅಣ್ಣ ಇಬ್ಬರೂ ಆಡಿದ್ದು ಅಂಡಾಕಾರದ ಚೆಂಡಿನ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್. ಇವರೂ ಅದನ್ನೇ ಆಡುತ್ತಿದ್ದರು. ಹನ್ನೆರಡರ ಹೊತ್ತಿಗೆ ಹುಡುಗರ ಜೊತೆ ಆಡಲು ಆಗುವುದಿಲ್ಲ ಅಂತಾಗಿ ಗುಂಡು ಚೆಂಡಿಗೆ ಬಂದರು. ಹದಿನೈದಕ್ಕೆ, 2009ರಲ್ಲಿ, ದೇಶದ ಟೀಮಿನಲ್ಲಿದ್ದರು.

ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಆ ಹಳೆಯ ಆಟ. ಅದರಲ್ಲಿ ಎದುರಾಳಿಯ ಹೆಗಲಿಗಿಂತ ಮೇಲಕ್ಕೆ ಹಾರಿ ಚೆಂಡು ಹಿಡಿಯಬೇಕು, ಗುದ್ದಿಸಿಕೊಂಡೇ ಇಳಿಯಬೇಕು. ಕೆರ್ ಎತ್ತರ ಸುಮಾರು ಐದೂವರೆ ಅಡಿ. ತಮಗಿಂತ ಎತ್ತರದ ಡಿಫೆಂಡರ್‌ಗಳ ನಡುವೆ ಅವರು ಹೆಡರ್ ಗೋಲು ಹೊಡೆಯುವುದನ್ನು ಸ್ಲೋ ಮೋಷನ್‌ನಲ್ಲಿ ನೋಡಿ. ಚೆಂಡು ಬಿಟ್ಟು ಇಳಿಯುವ ಕಾಲನ್ನು ಗಮನಿಸಿ. ಸೊಂಟ ಹಿಂದಕ್ಕೆ, ಮಂಡಿ ಮಡಚಿ, ಮಂಡಿಚಿಪ್ಪು ಪಾದದ ನೇರಕ್ಕೆ. ಸೋಫಾ ಮೇಲೆ ಬೆಕ್ಕು ಇಳಿದ ಹಾಗೆ.

ನಮ್ಮ ಹುಡುಗಿಯರಿಗೆ ಓಡುವುದನ್ನು ಎಲ್ಲರೂ ಕಲಿಸುತ್ತಾರೆ. ನಿಲ್ಲುವುದನ್ನು ಕಲಿಸುವವರು ಕಮ್ಮಿ. ಫಾರ್ವರ್ಡ್ ಕೆಲಸದಲ್ಲಿ ಅರ್ಧ ಪಾಲು ನಿಲ್ಲುವುದೇ. ಡಿಫೆಂಡರ್ ಬೆನ್ನ ಹಿಂದೆ ನುಗ್ಗಿ, ಗಕ್ಕನೆ ಬ್ರೇಕ್ ಹಾಕಿ, ಅವಳು ಮುಂದೆ ಹೋಗಿಬಿಟ್ಟಾಗ ತಾನು ತಿರುಗಬೇಕು. ಎಸಿಎಲ್ ಅನ್ನುವುದು ಮಂಡಿಯೊಳಗೆ ತೊಡೆಮೂಳೆಯನ್ನೂ ಕೆಳಗಿನ ಮೂಳೆಯನ್ನೂ ಅಡ್ಡಕ್ಕೆ ಬಿಗಿದಿರುವ ಚಿಕ್ಕ ಹಗ್ಗ. ಕಾಲು ನೆಟ್ಟಗೆ ಊರಿ, ಮಂಡಿ ಒಳಕ್ಕೆ ವಾಲಿ, ಮೈ ಇನ್ನೊಂದು ಕಡೆ ತಿರುಗಿದರೆ ಆ ಹಗ್ಗ ಹರಿಯುತ್ತದೆ. ಪಾದ ನೆಲ ಮುಟ್ಟಿದ ಸೆಕೆಂಡಿನ ಇಪ್ಪತ್ತನೇ ಒಂದು ಭಾಗದೊಳಗೆ ಎಲ್ಲಾ ಮುಗಿದಿರುತ್ತೆ. ಹೆಚ್ಚಿನ ಸಲ ಎದುರಾಳಿ ಮುಟ್ಟಿರುವುದೇ ಇಲ್ಲ.

ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು ಮೂರು ಪಟ್ಟು ಜಾಸ್ತಿ. ಅಗಲ ಸೊಂಟ, ಹಾರ್ಮೋನು, ಗಂಡಸರ ಪಾದಕ್ಕೆ ಮಾಡಿದ ಬೂಟು, ಕೆಟ್ಟ ಗ್ರೌಂಡು ಅಂತ ಕಾರಣಗಳನ್ನು ಪಟ್ಟಿ ಮಾಡುತ್ತಾರೆ. ಎಲ್ಲದರಲ್ಲೂ ಒಂದಿಷ್ಟು ಸತ್ಯ ಇರಬಹುದು. ನನ್ನ ಅನುಭವದಲ್ಲಿ ದೊಡ್ಡ ಕಾರಣ ಇನ್ನೊಂದು. ಗಂಡುಹುಡುಗರು ಕಾಂಪೌಂಡ್ ಹಾರಿ, ಮರದಿಂದ ಜಿಗಿದು ಇಳಿಯುವುದನ್ನು ಸುಮ್ನೆ ಕಲಿತಿರುತ್ತಾರೆ. ಹುಡುಗಿಯರಿಗೆ ಹತ್ತು ಹನ್ನೆರಡು ವರ್ಷಕ್ಕೇ "ಸಾಕು, ಒಳಗೆ ಬಾ" ಅಂದಿರುತ್ತೇವೆ. ಆಮೇಲೆ ಹದಿನಾರಕ್ಕೆ ಬೂಟು ಹಾಕಿಸಿ ಸೀದಾ ಟರ್ಫ್‌ಗೆ ಇಳಿಸುತ್ತೇವೆ.

ಹಾಗಂತ ಇಳಿಯಲು ಬಂದವರೆಲ್ಲಾ ಬಚಾವ್ ಅಂತಲ್ಲ. ಕೆರ್ ಕಾಲೂ ಹರಿಯಿತಲ್ವಾ? ಅದಕ್ಕೆ ಅವರ ದುಡಿಮೆಯ ಲೆಕ್ಕ ನೋಡಬೇಕು. ಹಲವು ವರ್ಷ ಅವರು ಅಮೆರಿಕದ ಲೀಗ್ ಮುಗಿಸಿ ವಿಮಾನ ಹತ್ತಿ, ಆಸ್ಟ್ರೇಲಿಯದ ಬೇಸಿಗೆಯಲ್ಲಿ ಅಲ್ಲಿನ ಲೀಗ್ ಆಡುತ್ತಿದ್ದರು. ಮಧ್ಯೆ ದೇಶದ ಪಂದ್ಯಗಳು. ಒಂದು ಲೀಗಿನ ಸಂಬಳದಲ್ಲಿ ವರ್ಷ ತಳ್ಳುವುದು ಆಗ ಮಹಿಳಾ ಆಟಗಾರರಿಗೆ ಕಷ್ಟ. 2015ರಲ್ಲಿ ಆಸ್ಟ್ರೇಲಿಯದ ಹುಡುಗಿಯರು ಸಂಬಳದ ಜಗಳದಲ್ಲಿ ಅಮೆರಿಕ ಪ್ರವಾಸವನ್ನೇ ಬಿಟ್ಟಿದ್ದರು. ಇಷ್ಟರ ನಡುವೆಯೂ 2017, 2018, 2019, ಸತತ ಮೂರು ವರ್ಷ ಅಮೆರಿಕದ ಲೀಗಿನಲ್ಲಿ ಅತಿ ಹೆಚ್ಚು ಗೋಲು ಕೆರ್ ಅವರದ್ದೇ. 2020ರಲ್ಲಿ ಇಂಗ್ಲೆಂಡಿನ ಚೆಲ್ಸಿ ಕ್ಲಬ್ಬಿಗೆ ಬಂದರು. ಅಲ್ಲೂ 21 ಗೋಲು, ಮರುವರ್ಷ 20 ಗೋಲು, ಎರಡು ಸಲವೂ ಇಂಗ್ಲೆಂಡಿನ ಲೀಗಿಗೇ ಮೊದಲು.

2022ರ ಜನವರಿಯಲ್ಲಿ ಮಹಿಳಾ ಏಷ್ಯಾ ಕಪ್ ನಮ್ಮ ದೇಶದಲ್ಲೇ ಆಯಿತು. ಮುಂಬೈಯಲ್ಲಿ ಇಂಡೋನೇಷ್ಯಾ ಮೇಲೆ ಕೆರ್ ಐದು ಗೋಲು ಹೊಡೆದು ಆಸ್ಟ್ರೇಲಿಯದ ಗಂಡಸರ ಟೀಮಿನಲ್ಲಿ ಆಡಿದ್ದ ಟಿಮ್ ಕೇಹಿಲ್ ಅವರ 50 ಗೋಲಿನ ದಾಖಲೆ ದಾಟಿದರು. ಗಂಡಸರು ಹೆಂಗಸರು ಸೇರಿ ಆಸ್ಟ್ರೇಲಿಯದ ಪರ ಅತಿ ಹೆಚ್ಚು ಗೋಲು ಅಂದು ಅವರದ್ದಾಯಿತು. ನಮ್ಮ ಟೀಮು ಮಾತ್ರ ಕೋವಿಡ್‌ನಿಂದ ಮಧ್ಯದಲ್ಲೇ ಹೊರಬಿತ್ತು. ಆ ಸಂಕಟ ಇವತ್ತಿಗೂ ನನಗೆ ಇಳಿದಿಲ್ಲ.

2023ರಲ್ಲಿ ಆಸ್ಟ್ರೇಲಿಯದ ನೆಲದಲ್ಲೇ ವಿಶ್ವಕಪ್. ಊರ ತುಂಬಾ ಕೆರ್ ಪೋಸ್ಟರು. ಮೊದಲ ಪಂದ್ಯದ ಹಿಂದಿನ ದಿನ ಪ್ರಾಕ್ಟೀಸಿನಲ್ಲಿ ಮೀನಖಂಡ ಎಳೆದುಕೊಂಡಿತು. ಗುಂಪಿನ ಮೂರೂ ಪಂದ್ಯ ಆಡಲಿಲ್ಲ. ಆಮೇಲೆ ಅವರನ್ನು ಇಳಿಸಿದ ರೀತಿಯನ್ನು ನಾನು ನನ್ನ ಇಂಟರ್ನ್‌ಗಳಿಗೆ ಪಾಠ ಮಾಡುತ್ತೇನೆ. ಡೆನ್ಮಾರ್ಕ್ ಮೇಲೆ ಕೊನೆಯ ಹತ್ತು ನಿಮಿಷ ಚಿಲ್ಲರೆ. ಫ್ರಾನ್ಸ್ ಮೇಲೆ ವಿರಾಮದ ನಂತರ. ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ಮೇಲೆ ಮೊದಲಿನಿಂದಲೇ. ಔಷಧಿಯ ಡೋಸ್ ಏರಿಸಿದ ಹಾಗೆ. ಆ ಸೆಮಿಫೈನಲ್‌ನಲ್ಲಿ ಪೆನಾಲ್ಟಿ ಬಾಕ್ಸಿನ ಹೊರಗಿಂದ ಹೊಡೆದ ಗೋಲು ನೋಡಿದವರಿಗೆ ನಾಲ್ಕು ವಾರದ ಹಿಂದೆ ಈಕೆಯ ಮೀನಖಂಡ ಎಳೆದುಕೊಂಡಿತ್ತು ಅಂದರೆ ನಂಬಿಕೆ ಬರಲಿಕ್ಕಿಲ್ಲ. ಪಂದ್ಯ ಸೋತರು, ಅದು ಬೇರೆ ಮಾತು.

ಐದು ತಿಂಗಳು ಕಳೆದು 2024ರ ಜನವರಿಯಲ್ಲಿ, ಮೊರಾಕ್ಕೊದಲ್ಲಿ ಚೆಲ್ಸಿಯ ತರಬೇತಿ ಕ್ಯಾಂಪಿನಲ್ಲಿ ಎಸಿಎಲ್ ಹೋಯಿತು. ಪಂದ್ಯದಲ್ಲಲ್ಲ, ಪ್ರಾಕ್ಟೀಸಿನಲ್ಲಿ. ಪ್ಯಾರಿಸ್ ಒಲಿಂಪಿಕ್ಸ್ ತಪ್ಪಿತು.

ಪೇಷೆಂಟ್‌ಗಳಿಗೆ ನಾನು ಮೊದಲ ದಿನವೇ ಹೇಳುವುದು ಒಂಬತ್ತು ತಿಂಗಳು, ಅದೂ ಕನಿಷ್ಠ. ಹ್ಯಾಮ್‌ಸ್ಟ್ರಿಂಗ್‌ನಿಂದಲೋ ಮಂಡಿಚಿಪ್ಪಿನ ಕೆಳಗಿಂದಲೋ ಸ್ನಾಯುರಜ್ಜು ತೆಗೆದು ಹೊಸ ಹಗ್ಗ ಕಟ್ಟಿರುತ್ತಾರೆ. ಅದು ಮೂಳೆಗೆ ಕಚ್ಚಿಕೊಂಡು ಗಟ್ಟಿಯಾಗಬೇಕು. ಕಸಿ ಕಟ್ಟಿದ ಮಾವಿನ ಗಿಡದ ಹಾಗೆ, ಅವಸರಕ್ಕೆ ಎಳೆದು ನೋಡುವಂತಿಲ್ಲ. ನೋವು ಮಾತ್ರ ಎರಡು ಮೂರು ತಿಂಗಳಿಗೇ ಮಾಯ. ಇದೇ ಮೋಸ. ನೋವು ಹೋಯಿತು ಅಂತ ಆರನೇ ತಿಂಗಳಿಗೆ ಗ್ರೌಂಡಿಗೆ ಇಳಿದು, ಮತ್ತೆ ಹರಿದುಕೊಂಡು ಬಂದವರನ್ನು ನಾನೇ ನೋಡಿದ್ದೇನೆ.

2025ರ ಸೆಪ್ಟೆಂಬರ್‌ನಲ್ಲಿ ಒಂದು ಬೆಳಿಗ್ಗೆ ಆ ಹುಡುಗಿ ಫೋನು ಹಿಡಿದುಕೊಂಡೇ ಒಳಗೆ ಬಂದಳು. "ಮೇಡಂ, ಬಂದ್ರು!" ಇಪ್ಪತ್ತು ತಿಂಗಳ ಮೇಲೆ ಕೆರ್ ಚೆಲ್ಸಿ ಪರ ಬದಲಿಯಾಗಿ ಇಳಿದು, ಆಸ್ಟನ್ ವಿಲ್ಲಾ ಮೇಲೆ ಗೋಲು ಹೊಡೆದಿದ್ದರು. ವಿಡಿಯೋ ನಾಲ್ಕು ಸಲ ತೋರಿಸಿದಳು. ಆಮೇಲೆ ಹೇಳಿಸಿಕೊಳ್ಳದೆ ಸ್ಕ್ವಾಟ್ ಶುರು ಮಾಡಿದಳು.

ಹನ್ನೊಂದನೇ ತಿಂಗಳು ಟೇಪಿನ ಮೇಲೆ 131 ಮತ್ತು 121. ಪಾಸು. ಕುಣಿದಾಡಿಬಿಟ್ಟಳು. ನಾನು ಹತ್ತು ನಿಮಿಷ ಅತ್ತಿಂದಿತ್ತ ಶಟಲ್ ಓಟ ಓಡಿಸಿ ಮತ್ತೆ ಜಿಗಿಸಿದೆ. ಆಪರೇಷನ್ ಆದ ಕಾಲು 108ಕ್ಕೆ ಇಳಿಯಿತು, ಮಂಡಿ ಸಣ್ಣಗೆ ಒಳಕ್ಕೆ ವಾಲಿತು. ಪಂದ್ಯದ ಎಪ್ಪತ್ತನೇ ನಿಮಿಷದಲ್ಲಿ ಯಾರ ಕಾಲೂ ತಾಜಾ ಇರುವುದಿಲ್ಲವಲ್ಲ. "ಇನ್ನೂ ಬೇಡ" ಅಂದೆ. ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದಳು.

ಹದಿಮೂರನೇ ತಿಂಗಳು ಅಮ್ಮನೂ ಒಳಗೆ ಬಂದರು. ಹೊಲಿಗೆ ಗುರುತಿನ ಮಾತು ಬರಲಿಲ್ಲ. ಓಟ ಮುಗಿಸಿ, ಬೆವರು ಸುರಿಸಿಕೊಂಡು ಹುಡುಗಿ ಜಿಗಿದಳು, ನಿಂತಳು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಗ್ಗಿ ಟೇಪು ಓದಿದರು. "ನೂರಾ ಇಪ್ಪತ್ನಾಲ್ಕು ಮೇಡಂ. ಆ ಕಾಲು ನೂರಾ ಮೂವತ್ತೆರಡು ಅಂದ್ರಿ. ಸರಿ ಹೋಯ್ತಾ?"

ನಾನು ತಲೆ ಆಡಿಸುವಷ್ಟರಲ್ಲಿ ಮಗಳ ಕಡೆ ತಿರುಗಿದರು. "ಹೋಗು, ಸ್ಕೂಟರ್ ಡಿಕ್ಕೀಲಿ ಬೂಟು ಇಟ್ಟಿದೀನಿ."