ಮೇಯರ್ ಕೈಯಲ್ಲಿ ಏನಿದೆ? ಬೆಂಗಳೂರು ಪಾಲಿಕೆಯ ಅಧಿಕಾರ ಕರಗಿದ ಬಗೆ

ನೀರು, ರಸ್ತೆ, ಕಸ, ಕೆರೆ, ಟ್ರಾಫಿಕ್. ಬೆಂಗಳೂರಿನಲ್ಲಿ ಪಾಲಿಕೆ ಚುನಾವಣೆಯ ಮಾತು ಬಂದಾಗಲೆಲ್ಲ ಎಲ್ಲ ಪಕ್ಷಗಳ ಆದ್ಯತೆಯ ಪಟ್ಟಿಯಲ್ಲೂ ಇವೇ ಇರುತ್ತವೆ. ಪಟ್ಟಿ ಸರಿಯಾಗಿಯೇ ಇದೆ. ಆದರೆ ಇವುಗಳಲ್ಲಿ ಎಷ್ಟು ಕೆಲಸ ಮೇಯರ್ ಆದವರ ಕೈಯಲ್ಲಿದೆ ಎಂದು ನಾವು ಕೇಳುವುದೇ ಇಲ್ಲ.

ಕೇಳಲು ಅವಕಾಶವಾದರೂ ಎಲ್ಲಿದೆ? ಇಲ್ಲಿ ಮೇಯರ್ ಅನ್ನು ಜನ ನೇರವಾಗಿ ಆರಿಸುವುದಿಲ್ಲ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ (ಬಿಬಿಎಂಪಿ) ಕಾಲದಲ್ಲಿ ಕಾರ್ಪೊರೇಟರ್‌ಗಳ ಜೊತೆಗೆ ನಗರದ ಶಾಸಕರು, ಸಂಸದರು, ವಿಧಾನ ಪರಿಷತ್ ಸದಸ್ಯರೂ ಮೇಯರ್ ಚುನಾವಣೆಯಲ್ಲಿ ಮತ ಹಾಕುತ್ತಿದ್ದರು. 2015ರಲ್ಲಿ 198 ವಾರ್ಡ್‌ಗಳ ಪೈಕಿ 100ರಲ್ಲಿ ಬಿಜೆಪಿ ಗೆದ್ದಿತು. ಆದರೂ ಈ ಹೆಚ್ಚುವರಿ ಮತಗಳ ಬಲದಿಂದ ಕಾಂಗ್ರೆಸ್–ಜೆಡಿಎಸ್ ಮೈತ್ರಿಗೆ ಮೇಯರ್ ಪಟ್ಟ ಸಿಕ್ಕಿತು. ಯಾವ ಪಕ್ಷಕ್ಕೆ ಲಾಭವಾಯಿತು ಎಂಬುದನ್ನು ಬದಿಗಿಡೋಣ. ವಾರ್ಡ್‌ನಲ್ಲಿ ಸಾಲಿನಲ್ಲಿ ನಿಂತು ಮತ ಹಾಕಿದವರಿಗೆ ತಮ್ಮ ಊರಿನ ಮೇಯರ್ ಯಾರಾಗಬೇಕು ಎಂಬುದರಲ್ಲಿ ಇದ್ದ ಹಿಡಿತ ಅಷ್ಟೇ.

ಇದು ಒಂದೇ ದಿನದಲ್ಲಿ ಆದದ್ದಲ್ಲ. 1862ರಿಂದ ಬೆಂಗಳೂರಿಗೆ ಎರಡು ಪುರಸಭೆಗಳಿದ್ದವು, ಪೇಟೆಗೊಂದು, ದಂಡು ಪ್ರದೇಶಕ್ಕೊಂದು (ಕಂಟೋನ್ಮೆಂಟ್). 1949ರಲ್ಲಿ ಎರಡನ್ನೂ ಸೇರಿಸಿ ನಗರ ಪಾಲಿಕೆ ಮಾಡಿದರು. ಆಮೇಲೆ ನಗರ ಬೆಳೆದಂತೆಲ್ಲ ಒಂದೊಂದು ಕೆಲಸವೂ ಪಾಲಿಕೆಯ ಆಚೆಗಿನ ಸಂಸ್ಥೆಗಳ ಕೈಗೆ ಹೋಯಿತು. 1964ರ ಕಾಯ್ದೆಯಿಂದ ಜಲಮಂಡಳಿ ಹುಟ್ಟಿತು; ನೀರು ಮತ್ತು ಒಳಚರಂಡಿ ಅದರ ಪಾಲಾಯಿತು. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಬಂತು; ಬಡಾವಣೆ, ಮಹಾಯೋಜನೆ ಎಲ್ಲ ಅದರದ್ದು. ಬಸ್ಸು ಬಿಎಂಟಿಸಿಗೆ, ವಿದ್ಯುತ್ ಬೆಸ್ಕಾಂಗೆ, ಮೆಟ್ರೊಗೆ ಮತ್ತೊಂದು ನಿಗಮ. ಒಂದೊಂದಕ್ಕೂ ಆಗ ಕಾರಣವಿತ್ತು. ನೂರು ಕಿಲೋಮೀಟರ್ ದೂರದಿಂದ ಕಾವೇರಿ ನೀರನ್ನು ಮೇಲೆತ್ತಿ ತರುವುದಕ್ಕೆ ಪ್ರತ್ಯೇಕ ಸಂಸ್ಥೆ ಬೇಕು ಎಂಬುದನ್ನು ಒಪ್ಪಬಹುದು. ಆದರೆ ಆ ಸಂಸ್ಥೆ ನಗರದ ಚುನಾಯಿತ ಪ್ರತಿನಿಧಿಗಳಿಗೆ ಉತ್ತರ ಕೊಡಬೇಕಿಲ್ಲ ಎಂಬ ವ್ಯವಸ್ಥೆಯನ್ನು ನಾನಂತೂ ಒಪ್ಪಲಾರೆ. ಪಾಲಿಕೆ ಡಾಂಬರು ಹಾಕಿದ ರಸ್ತೆಯನ್ನು ಜಲಮಂಡಳಿ ಪೈಪಿಗಾಗಿ ಅಗೆಯುವುದು, ಅದು ಮುಚ್ಚುವಷ್ಟರಲ್ಲಿ ಕೇಬಲ್ಲಿನವರು ಬಂದು ಮತ್ತೆ ಅಗೆಯುವುದು, ಮಳೆ ಬಂದಾಗ ಆ ಗುಂಡಿಗೆ ಯಾರೂ ಹೊಣೆಯಾಗದಿರುವುದು ಎಲ್ಲ ಈ ವ್ಯವಸ್ಥೆಯ ಫಲ.

1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಈ ದಾರಿಯನ್ನು ತಿರುಗಿಸಬೇಕಿತ್ತು. ನಗರ ಯೋಜನೆ, ನೀರು ಪೂರೈಕೆ ಸೇರಿದಂತೆ 18 ವಿಷಯಗಳನ್ನು 12ನೇ ಅನುಸೂಚಿಯಲ್ಲಿ ನಗರಾಡಳಿತಕ್ಕೆಂದು ಪಟ್ಟಿ ಮಾಡಲಾಯಿತು. ವರ್ಗಾಯಿಸುವ ಅಧಿಕಾರ ಮಾತ್ರ ರಾಜ್ಯಗಳ ಕೈಯಲ್ಲೇ ಉಳಿಯಿತು. ಬೆಂಗಳೂರಿನಲ್ಲಿ ನೀರೂ ಯೋಜನೆಯೂ ಇದ್ದಲ್ಲೇ ಇವೆ.

ಇನ್ನು ಅವಧಿಯ ವಿಷಯ. ಕರ್ನಾಟಕ ಪೌರ ನಿಗಮಗಳ ಕಾಯ್ದೆ, 1976ರ ಪ್ರಕಾರ ಬೆಂಗಳೂರಿನ ಮೇಯರ್ ಅವಧಿ ಒಂದೇ ವರ್ಷವಾಗಿತ್ತು. ಮೀಸಲಾತಿಯೂ ವರ್ಷ ವರ್ಷ ಬದಲಾಗುತ್ತಿತ್ತು. ಕಡತಕ್ಕೆ ಸಹಿ ಹಾಕುವುದು, ಕಾಮಗಾರಿ ನಡೆಸುವುದು ಎಲ್ಲ ಸರ್ಕಾರ ನೇಮಿಸಿದ ಆಯುಕ್ತರ ಕೆಲಸ. ಮೇಯರ್‌ಗೆ ಗೌನು, ಸರ, ಸಭೆಯ ಅಧ್ಯಕ್ಷತೆ. 2007ರಲ್ಲಿ 7 ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿಕೊಂಡು ಬಿಬಿಎಂಪಿ ಆಯಿತು. ಅದಕ್ಕೆ ಮೊದಲ ಚುನಾವಣೆ ನಡೆದದ್ದು 2010ರಲ್ಲಿ. ಅಲ್ಲಿಂದ 2020ರವರೆಗೆ 10 ಮೇಯರ್‌ಗಳು ಬಂದು ಹೋದರು.

ಕಸದ ಕಥೆಯನ್ನೇ ನೋಡಿ. 2012ರಲ್ಲಿ ಮಾವಳ್ಳಿಪುರದ ಕಸದ ಗುಡ್ಡ ಮುಚ್ಚಿದಾಗ ನಗರದ ಬೀದಿಗಳು ಕೊಳೆತವು. ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡುವುದು ಆ ವರ್ಷವೇ ಕಡ್ಡಾಯವಾಯಿತು. ಆದರೂ ಕಸದ ಲಾರಿಗಳು ನಗರದ ಹೊರಗಿನ ಮಂಡೂರು ಹಳ್ಳಿಯತ್ತ ಹೋಗುತ್ತಲೇ ಇದ್ದವು. ಅಲ್ಲಿನ ಜನ ನೊಣ, ದುರ್ವಾಸನೆ, ಕೆಟ್ಟ ನೀರಿನ ನಡುವೆ ಬದುಕಿ, 2014ರಲ್ಲಿ ರಸ್ತೆಗಿಳಿದು ಲಾರಿಗಳನ್ನು ತಡೆದರು. ಆ ವರ್ಷದ ಕೊನೆಗೆ ಅಲ್ಲಿ ಕಸ ಸುರಿಯುವುದು ನಿಂತಿತು. ಇಷ್ಟರಲ್ಲಿ ಮೂವರು ಮೇಯರ್‌ಗಳು ಆ ಕುರ್ಚಿಯಲ್ಲಿ ಕುಳಿತಿದ್ದರು. ಕಸ ವಿಂಗಡಣೆ ಮನೆಯಿಂದ ಮನೆಗೆ ವರ್ಷಗಟ್ಟಲೆ ಬೆನ್ನು ಹತ್ತಿ ಮಾಡಿಸಬೇಕಾದ ಕೆಲಸ. ಗುತ್ತಿಗೆದಾರರು ಯಾರು, ಆಟೊ ಟಿಪ್ಪರ್ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯುವಷ್ಟರಲ್ಲೇ ಮೇಯರ್ ಅವಧಿ ಮುಗಿದಿರುತ್ತಿತ್ತು.

2020ರ ಸೆಪ್ಟೆಂಬರ್‌ನಲ್ಲಿ ಚುನಾಯಿತ ಕೌನ್ಸಿಲ್ ಅವಧಿಯೂ ಮುಗಿದು ಸರ್ಕಾರ ನೇಮಿಸಿದ ಆಡಳಿತಾಧಿಕಾರಿಗಳ ಕಾಲ ಶುರುವಾಯಿತು. 2024ರ ಮಾರ್ಚ್‌ನಲ್ಲಿ ಬೋರ್‌ವೆಲ್‌ಗಳು ಬತ್ತಿದವು. ಹೊರವಲಯದ ಬಡಾವಣೆಗಳಲ್ಲಿ ಜನ ಟ್ಯಾಂಕರ್‌ಗೆ ಕಾದು ಕುಳಿತರು. 5 ಕಿಲೋಮೀಟರ್ ಒಳಗೆ 6,000 ಲೀಟರ್‌ಗೆ 600 ರೂಪಾಯಿ ಎಂದು ದರ ಕಟ್ಟಿದ್ದು ಜಿಲ್ಲಾಡಳಿತ, ನೀರು ಹಂಚಿದ್ದು ಜಲಮಂಡಳಿ. ಬಾಗಿಲು ತಟ್ಟೋಣವೆಂದರೆ ಕಾರ್ಪೊರೇಟರೂ ಇಲ್ಲ, ಮೇಯರೂ ಇಲ್ಲ. 110 ಹಳ್ಳಿಗಳಿಗಾಗಿ ದಿನಕ್ಕೆ 77.5 ಕೋಟಿ ಲೀಟರ್ ತರುವ ಕಾವೇರಿ 5ನೇ ಹಂತ ಉದ್ಘಾಟನೆಯಾದದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ, ಆ ಹಳ್ಳಿಗಳು ನಗರಕ್ಕೆ ಸೇರಿ 17 ವರ್ಷಗಳಾದ ಮೇಲೆ.

ಈಗ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಬಂದಿದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂದು ಐದು ಪಾಲಿಕೆಗಳಾದವು. ಮೇಯರ್ ಅವಧಿ 30 ತಿಂಗಳು. ಇದು ದೊಡ್ಡ ಸುಧಾರಣೆಯೇ. ಆದರೆ ಐದರ ಮೇಲೆ ಕೂತಿರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ ಮುಖ್ಯಮಂತ್ರಿಯೇ ಅಧ್ಯಕ್ಷರು. ಮೇಯರ್‌ಗಳು ಅದರ ಸದಸ್ಯರು. ಐಟಿ ಕಂಪನಿಗಳಿರುವ ಪೂರ್ವಕ್ಕೆ ಆಸ್ತಿ ತೆರಿಗೆಯ ವರಮಾನ ಹೆಚ್ಚು, ಎಲ್ಲ ಪಾಲಿಕೆಗಳಿಗೂ ಆ ಭಾಗ್ಯವಿಲ್ಲ.

ಹಾಗಾದರೆ ಮೇಯರ್ ಆಗಬಯಸುವವರು ಏನನ್ನು ಆದ್ಯತೆ ಎನ್ನಬೇಕು? ಸುರಂಗ ರಸ್ತೆ, ಮೆಟ್ರೊ ಅವರ ಕೈಯಲ್ಲಿಲ್ಲ. ಫುಟ್‌ಪಾತ್, ಬೀದಿ ದೀಪ, ವಾರ್ಡ್ ರಸ್ತೆ, ಪಾಲಿಕೆ ಶಾಲೆ, ಉದ್ಯಾನ ಇವೆ. ಇವುಗಳಿಗೆ 30 ತಿಂಗಳ ಲೆಕ್ಕ ಹಾಕಿ ಹೇಳಲಿ: ಯಾವ ರಸ್ತೆಯ ಫುಟ್‌ಪಾತ್, ಎಷ್ಟು ಹಣ, ಯಾವ ತಿಂಗಳು. ವಾರ್ಡ್ ಸಮಿತಿ ಸಭೆ ತಿಂಗಳಿಗೊಮ್ಮೆ ನಡೆಯುತ್ತದೆ, ಅದರ ನಡಾವಳಿ ಎಲ್ಲರಿಗೂ ಸಿಗುತ್ತದೆ ಎಂದು ಬರೆದುಕೊಡಲಿ. ರಸ್ತೆ ಅಗೆಯುವ ಮೊದಲು ಜಲಮಂಡಳಿ, ಬೆಸ್ಕಾಂ ಎಂಜಿನಿಯರ್‌ಗಳು ಪಾಲಿಕೆ ಸಭೆಗೆ ಬಂದು ಉತ್ತರಿಸಬೇಕು ಎಂದು ಪ್ರಾಧಿಕಾರದ ಸಭೆಯಲ್ಲಿ, ಮುಖ್ಯಮಂತ್ರಿಯ ಎದುರೇ ಪಟ್ಟು ಹಿಡಿಯುತ್ತೇನೆ ಎನ್ನುವವರು ಯಾವ ಪಕ್ಷದಲ್ಲಿದ್ದಾರೆ? ವಾರ್ಡ್‌ಗೆ ಮತ ಕೇಳಲು ಬಂದವರನ್ನು ಕೇಳಬೇಕಾದದ್ದು ಇದನ್ನೇ, ಏಕೆಂದರೆ ಮೇಯರ್ ಯಾರೆಂದು ತೀರ್ಮಾನಿಸುವ ದಿನ ಕೌನ್ಸಿಲ್ ಸಭಾಂಗಣದಲ್ಲಿ ಕೂರುವವರು ಅವರೇ.