ಮೂಢನಂಬಿಕೆ ಯಾವಾಗಲೂ ಪಕ್ಕದ ಮನೆಯದ್ದೇ

ಕ್ರಿ.ಶ. 112ರ ಆಸುಪಾಸು. ರೋಮ್ ಸಾಮ್ರಾಜ್ಯದ ಅಧಿಕಾರಿ ಪ್ಲಿನಿ ತನ್ನ ಚಕ್ರವರ್ತಿ ಟ್ರಾಜನ್‌ಗೆ ಒಂದು ಪತ್ರ ಬರೆದ. ತಾನು ಆಳುತ್ತಿರುವ ಪ್ರಾಂತ್ಯದಲ್ಲಿ ಒಂದು ಕೆಟ್ಟ ಮೂಢನಂಬಿಕೆ ಹಬ್ಬಿದೆ, ಪಟ್ಟಣ ದಾಟಿ ಹಳ್ಳಿಗೂ ಕಾಲಿಟ್ಟಿದೆ ಅನ್ನೋದು ಅವನ ದೂರು. ಅವನು ಬಳಸಿದ ಪದ 'ಸೂಪರ್‌ಸ್ಟಿಶಿಯೋ'. ಇಂಗ್ಲಿಷಿನ ಸೂಪರ್‌ಸ್ಟಿಷನ್ ಹುಟ್ಟಿದ್ದು ಅದರಿಂದಲೇ. ಆ ಮೂಢನಂಬಿಕೆ ಯಾವುದು ಗೊತ್ತಾ? ಕ್ರೈಸ್ತ ಧರ್ಮ.

ಇದೇ ಪ್ಲಿನಿ ರೋಮ್‌ನಲ್ಲಿ ಹಕ್ಕಿ ಶಕುನ ನೋಡುವ ಪುರೋಹಿತರ ಮಂಡಳಿಯ ಸದಸ್ಯ. ಆ ಸ್ಥಾನ ಸಿಕ್ಕಿದ್ದಕ್ಕೆ ಹೆಮ್ಮೆಯನ್ನೂ ಪಟ್ಟಿದ್ದ. ಹಕ್ಕಿ ಯಾವ ಕಡೆ ಹಾರಿತು ಅಂತ ನೋಡಿ ದೇವರ ಮನಸ್ಸು ತಿಳಿಯೋದು ಅವನಿಗೆ ಮೂಢನಂಬಿಕೆ ಅನ್ನಿಸಲಿಲ್ಲ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ತೋರಿಸೋದು ಅಂದರೆ ಇದೇ ಅಲ್ವಾ?

ಮುಂದೆ ಚಕ್ರ ತಿರುಗಿತು. 341ರಲ್ಲಿ ಕ್ರೈಸ್ತ ಚಕ್ರವರ್ತಿಯೊಬ್ಬ ಆಜ್ಞೆ ಹೊರಡಿಸಿದ: ಮೂಢನಂಬಿಕೆ ನಿಲ್ಲಬೇಕು, ಬಲಿ ಕೊಡುವ ಹುಚ್ಚು ಕೊನೆಯಾಗಬೇಕು. ಈ ಸಲ ಅದೇ ಪದ ಹಳೆಯ ರೋಮನ್ ಪೂಜೆಯ ಹಣೆಗೆ ಅಂಟಿತು. 16ನೇ ಶತಮಾನದಲ್ಲಿ ಪ್ರಾಟೆಸ್ಟಂಟರು ಅದನ್ನು ಕ್ಯಾಥೊಲಿಕರಿಗೆ ಅಂಟಿಸಿದರು. 18ನೇ ಶತಮಾನದ ಫ್ರೆಂಚ್ ವಿಚಾರವಾದಿಗಳು ಇಬ್ಬರನ್ನೂ ಬಿಡಲಿಲ್ಲ. ಆಮೇಲೆ ವಸಾಹತುಗಳನ್ನು ಆಳಿದವರು ತಮ್ಮ ಕೈಕೆಳಗೆ ಬಂದ ಜನರ ನಂಬಿಕೆಗಳಿಗೆಲ್ಲ ಅದೇ ಮುದ್ರೆ ಒತ್ತಿದರು.

ಹಾಗಾದರೆ ಸಂದೇಹ ಪಡೋದು ಅಂದರೆ ಬೇರೆಯವರನ್ನು ನೋಡಿ ನಗೋದಷ್ಟೇನಾ? ಅಲ್ಲ. ನನಗೆ ಇಷ್ಟವಾಗುವ ಸಂದೇಹವಾದಿ ಒಬ್ಬ ಪಾದ್ರಿ. ಹೆಸರು ಅಲೋನ್ಸೊ ದೆ ಸಲಾಜಾರ್ ಫ್ರಿಯಾಸ್. ಸ್ಪೇನಿನ ಇನ್‌ಕ್ವಿಸಿಷನ್‌ನಲ್ಲಿ, ಅಂದರೆ ಧರ್ಮದ್ರೋಹ ವಿಚಾರಿಸುವ ನ್ಯಾಯಾಲಯದಲ್ಲಿ, ನ್ಯಾಯಾಧೀಶನಾಗಿದ್ದ. 1610ರ ನವೆಂಬರ್‌ನಲ್ಲಿ ಲೊಗ್ರೋನ್ಯೊ ಪಟ್ಟಣದಲ್ಲಿ ಮಾಟದ ಆರೋಪ ಹೊರಿಸಿ 6 ಜನರನ್ನು ಸುಟ್ಟರು. ಸೆರೆಮನೆಯಲ್ಲೇ ಸತ್ತಿದ್ದ ಇನ್ನೂ 5 ಜನರ ಗೊಂಬೆ ಮಾಡಿ ಸುಟ್ಟರು. ಮರುವರ್ಷ ಸಲಾಜಾರ್ ಬಾಸ್ಕ್ ಸೀಮೆಯ ಊರೂರು ಸುತ್ತಿದ. ತಪ್ಪೊಪ್ಪಿಕೊಂಡವರೇ 1,802 ಜನ. ಅವರಲ್ಲಿ 1,384 ಮಂದಿ ಮಕ್ಕಳು.

ಅವನು ಮಾಡಿದ್ದು ಸರಳ ಕೆಲಸ. ಒಬ್ಬೊಬ್ಬರನ್ನೇ ಕರೆದು ಕೇಳಿದ: ಮಾಟಗಾತಿಯರ ಸಭೆಗೆ ಹೇಗೆ ಹೋದಿರಿ, ಎಲ್ಲಿ ಕೂತಿರಿ, ಏನು ತಿಂದಿರಿ? ಒಬ್ಬರ ಮಾತಿಗೂ ಇನ್ನೊಬ್ಬರ ಮಾತಿಗೂ ತಾಳೆಯೇ ಇಲ್ಲ. ಸಭೆ ಸೇರಿತ್ತು ಎಂದು ಮಕ್ಕಳು ಹೇಳಿದ ಒಂದು ರಾತ್ರಿ ಅವನ ಕಾರ್ಯದರ್ಶಿಗಳು ಆ ಜಾಗದಲ್ಲೇ ಇದ್ದರು. ಅವರಿಗೆ ಒಂದು ನರಪಿಳ್ಳೆಯೂ ಕಾಣಲಿಲ್ಲ. ಮಾಟದ ಮುಲಾಮು ಎಂದು 22 ಮಡಕೆಗಳು ಸಿಕ್ಕಿದ್ದವು. ಅದನ್ನು ಔಷಧಿ ಬಲ್ಲವರಿಂದ ಪರೀಕ್ಷೆ ಮಾಡಿಸಿದ, ಪ್ರಾಣಿಗಳಿಗೆ ತಿನ್ನಿಸಿ ನೋಡಿದ. ಏನೂ ಆಗಲಿಲ್ಲ. ಬೈಗುಳ, ಹೊಡೆತ ತಪ್ಪಿಸಿಕೊಳ್ಳಲು ಎಷ್ಟೋ ಜನ ಮುಲಾಮನ್ನು ಸುಮ್ನೆ ಕಲಸಿ ತಂದುಕೊಟ್ಟಿದ್ದರು. ಇಲ್ಲಿ ಮಾಟದ ಮಾತು, ಬರಹ ಶುರುವಾಗೋ ತನಕ ಮಾಟಗಾತಿಯರೂ ಇರಲಿಲ್ಲ, ಮಾಟ ತಗುಲಿದವರೂ ಇರಲಿಲ್ಲ ಎಂದು ವರದಿ ಮಾಡಿದ. 1614ರಲ್ಲಿ ಹೊಸ ನಿಯಮ ಬಂತು. ಆಮೇಲೆ ಮಾಟದ ಆರೋಪದ ಮೇಲೆ ಇನ್‌ಕ್ವಿಸಿಷನ್ ಜನರನ್ನು ಸುಡೋದು ಹೆಚ್ಚುಕಡಿಮೆ ನಿಂತೇ ಹೋಯಿತು. ಜರ್ಮನಿಯ ವುರ್ಜ್‌ಬರ್ಗ್, ಬಾಂಬರ್ಗ್‌ಗಳಲ್ಲಿ ಇದೇ ಆರೋಪಕ್ಕೆ ನೂರಾರು ಜನ ಸತ್ತಿದ್ದು ಅದಾದ ಮೇಲೆ, 1620ರ ದಶಕದಲ್ಲಿ. ಸಲಾಜಾರ್ ನಾಸ್ತಿಕನಲ್ಲ. ದೆವ್ವ ಇದೆ ಎಂದೇ ನಂಬಿದ್ದವನು. ಸಾಕ್ಷಿ ಇದೆಯಾ ಎಂದು ಕೇಳಿದ, ಅಷ್ಟೇ.

ಇನ್ನೊಂದು ತಿರುವು ಬಂದದ್ದು 20ನೇ ಶತಮಾನದಲ್ಲಿ. ಬ್ರಿಟಿಷ್ ಮಾನವಶಾಸ್ತ್ರಜ್ಞ ಇವಾನ್ಸ್-ಪ್ರಿಚರ್ಡ್ 1920ರ ದಶಕದಲ್ಲಿ ಸುಡಾನಿನ ದಕ್ಷಿಣ ಭಾಗದ ಅಜಾಂಡೆ ಜನರ ನಡುವೆ ಇದ್ದ. ಅಲ್ಲಿ ಕಣಜ ಕುಸಿದು ಬಿದ್ದರೆ ಅದಕ್ಕೆ ಮಾಟವೇ ಕಾರಣ ಅನ್ನುತ್ತಿದ್ದರು. ಕಂಬಕ್ಕೆ ಗೆದ್ದಲು ಹಿಡಿದಿದ್ದು ಅವರಿಗೆ ಗೊತ್ತಿರಲಿಲ್ಲವಾ? ಚೆನ್ನಾಗಿಯೇ ಗೊತ್ತಿತ್ತು. ಬಿಸಿಲು ಜಾಸ್ತಿ ಅಂತ ಜನ ಕಣಜದ ನೆರಳಲ್ಲಿ ಕೂರುತ್ತಾರೆ ಅನ್ನೋದೂ ಗೊತ್ತಿತ್ತು. ಅವರ ಪ್ರಶ್ನೆ ಬೇರೆ: ಇವನೇ ಕೂತಾಗ, ಆ ಗಳಿಗೆಯಲ್ಲೇ ಯಾಕೆ ಬಿತ್ತು? ಇದಕ್ಕೆ ನಮ್ಮ ಉತ್ತರ 'ಕಾಕತಾಳೀಯ'. ಅವರದ್ದು ಮಾಟ. ಅವರು ದಡ್ಡರಲ್ಲ, ಅವರ ಲೆಕ್ಕಾಚಾರಕ್ಕೂ ಒಂದು ತರ್ಕವಿದೆ ಎಂದು 1937ರಲ್ಲಿ ಅವನು ಬರೆದ. ಕೋಳಿಗೆ ವಿಷ ಕೊಟ್ಟು, ಅದು ಸಾಯುತ್ತೋ ಬದುಕುತ್ತೋ ನೋಡಿ ಉತ್ತರ ತಿಳಿಯುವ ಅವರ ಪದ್ಧತಿಯಲ್ಲೇ ತನ್ನ ಮನೆವಾರ್ತೆಯನ್ನೂ ನಡೆಸಿದ್ದನಂತೆ. ತೊಂದರೆಯೇನೂ ಆಗಲಿಲ್ಲ ಎಂದೂ ಹೇಳಿಕೊಂಡಿದ್ದಾನೆ. ಕೋಳಿಗಳ ಅಭಿಪ್ರಾಯ ಬೇರೆ ಇದ್ದೀತು!

ಹಾಗಂತ ಎಲ್ಲವೂ ಅವರವರ ಸಂಸ್ಕೃತಿ ಎಂದು ಕೈ ತೊಳೆದುಕೊಳ್ಳೋಕೆ ಆಗುತ್ತಾ? ಅಶುಭ ಅಂತ ಲಿಫ್ಟ್‌ನಲ್ಲಿ 13ನೇ ಅಥವಾ 4ನೇ ಮಹಡಿಯ ಸಂಖ್ಯೆ ಬಿಟ್ಟರೆ ಯಾರ ಗಂಟೂ ಹೋಗಲ್ಲ. ಆದರೆ ಪೂರ್ವ ಆಫ್ರಿಕಾದ ಕೆಲವೆಡೆ, ಹುಟ್ಟಿನಿಂದಲೇ ಚರ್ಮ ಬಿಳುಪಾಗಿರುವ ಅಲ್ಬಿನಿಸಂ ಇರುವವರ ಅಂಗಾಂಗ ಅದೃಷ್ಟ ತರುತ್ತದೆ ಎಂದು ನಂಬಿ ಅವರನ್ನೇ ಕೊಂದಿದ್ದಾರೆ. ಯುನೆಸ್ಕೊ 2001ರಲ್ಲಿ ಸಾಂಸ್ಕೃತಿಕ ವೈವಿಧ್ಯದ ಘೋಷಣೆ ಹೊರಡಿಸಿದಾಗ 4ನೇ ವಿಧಿಯಲ್ಲೇ ಗೆರೆ ಎಳೆಯಿತು: ವೈವಿಧ್ಯದ ನೆಪ ಹೇಳಿ ಮಾನವ ಹಕ್ಕು ಕಸಿಯುವಂತಿಲ್ಲ. ಮಾಟದ ಆರೋಪದಿಂದ ನಡೆಯುವ ಹಿಂಸೆಯ ಬಗ್ಗೆಯೇ ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿ ನಿರ್ಣಯ ಮಾಡಿದ್ದು 2021ರ ಜುಲೈನಲ್ಲಿ. ಸಲಾಜಾರ್ ತನ್ನ 22 ಮಡಕೆಗಳನ್ನು ಪರೀಕ್ಷೆ ಮಾಡಿಸಿ ಅಷ್ಟೊತ್ತಿಗೆ 400 ವರ್ಷ ದಾಟಿತ್ತು.